ಇಬ್ಬರು ಮಾಡಿದ ಎರಡು ನಿಮಿಷ

ಈಚಿನ ಕೆಲವು ವರ್ಷಗಳಿಂದ ನಮ್ಮ ಮನೆಗಳ ಹುಡುಗ ಹುಡುಗಿಯರು ಕಾಲೇಜಿನಿಂದ ಹೊಸದೊಂದು ಬಗೆಯ ಮನೆಪಾಠವನ್ನು ಹೊತ್ತು ತರುತ್ತಿದ್ದಾರೆ. ನಮ್ಮ ಕಾಲದಲ್ಲಿ ಮನೆಪಾಠವೆಂದರೆ ಲೆಕ್ಕ, ಪ್ರಬಂಧ, ಹೆಚ್ಚೆಂದರೆ ಕಪ್ಪೆಯ ಒಡಲಿನ ಚಿತ್ರ. ಈಗ ಸಮೂಹ ಮಾಧ್ಯಮವನ್ನು ವಿಷಯವಾಗಿ ಆರಿಸಿಕೊಂಡ ಮಕ್ಕಳಿಗೆ, ಒಂದು ಚಲನಚಿತ್ರದ ಆರಂಭವನ್ನು ಮಾತ್ರ ತಯಾರಿಸಿ ತನ್ನಿ, ಎರಡು ನಿಮಿಷ ಮೀರಕೂಡದು, ಇಬ್ಬಿಬ್ಬರು ಸೇರಿ ಮಾಡಿ ಎಂದು ಹೇಳಿ ಕಳಿಸುತ್ತಾರೆ. ಆರಂಭವಾದ ಮೇಲೆ ಚಿತ್ರ ಎಲ್ಲಿ ಎಂದು ಕೇಳಬಾರದು. ಅದು ಎಂದೂ ಇರುವುದಿಲ್ಲ. ಮದುವೆಯ ಮಂಟಪ ಕಟ್ಟಿ, ಓಲಗ ಊದಿಸಿ, ಅಲ್ಲಿಗೇ ನಿಲ್ಲಿಸಿದ ಹಾಗೆ.

ಈ ಪದ್ಧತಿ ನಮ್ಮಲ್ಲೇ ಹುಟ್ಟಿದ್ದೇನೂ ಅಲ್ಲ. ಇಂಗ್ಲೆಂಡಿನ ಒಂದು ಪರೀಕ್ಷಾ ಮಂಡಳಿ 2008ರ ನಂತರ ಹಲವು ವರ್ಷಗಳ ಕಾಲ ಹದಿನಾರು ಹದಿನೇಳರ ಪ್ರಾಯದ ವಿದ್ಯಾರ್ಥಿಗಳಿಗೆ ಮಾಧ್ಯಮ ಅಧ್ಯಯನದ ಮುಖ್ಯ ಪ್ರಾಯೋಗಿಕ ಕೆಲಸವಾಗಿ ಇದನ್ನೇ ಇಟ್ಟಿತ್ತು. ಹೊಸ ಕಥಾಚಿತ್ರವೊಂದರ ಹೆಸರಿನ ಫಲಕಗಳೂ ಆರಂಭದ ದೃಶ್ಯವೂ ಸೇರಿ ಗರಿಷ್ಠ ಎರಡು ನಿಮಿಷ. ಒಬ್ಬರೇ ಮಾಡಬಹುದು, ನಾಲ್ವರವರೆಗೆ ಕೂಡಿಯೂ ಮಾಡಬಹುದು. ಎರಡು ನಿಮಿಷವೆಂದರೆ ಎಷ್ಟು ಮಹಾ ಎಂದು ಮೂಗೆಳೆಯುವವರಿಗೆ ಒಂದು ಲೆಕ್ಕ ಹೇಳುತ್ತೇವೆ. ಸಿನಿಮಾದ ವಾಡಿಕೆಯಂತೆ ಸೆಕೆಂಡಿಗೆ 24 ಚಿತ್ರಗಳಾದರೆ ಎರಡು ನಿಮಿಷಕ್ಕೆ 2,880 ಚಿತ್ರಗಳಾದವು. ಅವುಗಳಲ್ಲಿ ಒಂದೊಂದರ ಬೆಳಕಿಗೂ ಯಾರೋ ಒಬ್ಬರು ಜವಾಬುದಾರರಾಗಿರಬೇಕು.

ನಮ್ಮನ್ನು ಕಾಡಿದ ಪ್ರಶ್ನೆ ಸಿನಿಮಾದ್ದಲ್ಲ, ಆ 'ಇಬ್ಬಿಬ್ಬರು' ಎಂಬ ಮಾತಿನದು. ಇಬ್ಬರು ಕೂಡಿ ಒಂದು ವಸ್ತುವನ್ನು ಮಾಡಿದಾಗ ಅದು ಯಾರದು? ಎಷ್ಟೆಷ್ಟು ಯಾರದು? ಒಬ್ಬನು ಹೆಚ್ಚು ದುಡಿದು ಇನ್ನೊಬ್ಬನು ಕಡಮೆ ದುಡಿದರೆ ಇಬ್ಬರ ಹೆಸರನ್ನೂ ಒಂದೇ ಸಾಲಿನಲ್ಲಿ ಹಾಕುವುದು ಔದಾರ್ಯವೋ ಸುಳ್ಳೋ? ಇದೇನು ಮಕ್ಕಳ ಜಗಳ ಎಂದು ತಳ್ಳಿಹಾಕುವಂತಿಲ್ಲ. ಊರು ಬಿಟ್ಟು ಬಂದ ನಮ್ಮವರು ಈ ಮಹಾನಗರಗಳಲ್ಲಿ ಬೇರೂರಿದ್ದೇ ಬಹುಮಟ್ಟಿಗೆ ಜೊತೆಗಾರಿಕೆಯಿಂದ. ಒಂದು ಖೋಲಿಯಲ್ಲಿ ಆರು ಮಂದಿ, ಒಂದು ಹೋಟೆಲಿಗೆ ಇಬ್ಬರು ಮೂವರು ಪಾಲುದಾರರು, ಒಂದು ನಾಟಕಕ್ಕೆ ಇಡೀ ಸಂಘ. ಆ ಪಾಲುದಾರಿಕೆಗಳು ಹೇಗೆ ಮುರಿದವೆಂಬುದನ್ನು ಕಂಡವರು ಇದನ್ನು ಸಣ್ಣ ಪ್ರಶ್ನೆ ಎನ್ನಲಾರರು.

ಮುಂಬಯಿಯಲ್ಲಿ ನಮಗೆ ಪರಿಚಯವಿರುವ ಎರಡು ಮನೆಗಳ ವಿಷಯವನ್ನೇ ತೆಗೆದುಕೊಳ್ಳೋಣ. ಹೆಸರುಗಳು ಬೇಡ. ಹುಡುಗಿಯದು ಧಾರವಾಡದ ಕಡೆಯ ಮನೆ, ತಂದೆ ಬ್ಯಾಂಕಿನಲ್ಲಿದ್ದವರು. ಹುಡುಗನದು ಕುಂದಾಪುರದ ಕಡೆಯ ಮನೆ. ಕಾಲೇಜು ಮುಗಿದ ಮೇಲೆ ಸಂಜೆಯಿಂದ ರಾತ್ರಿಯವರೆಗೆ ಸೋದರಮಾವನ ಹೋಟೆಲಿನ ಗಲ್ಲಾದಲ್ಲಿ ಕೂಡಬೇಕಾದವನು. ಇಬ್ಬರೂ ಸೇರಿ ಒಂದು ಹಳೆಯ ಚಾಳಿನ ಮರದ ಮೆಟ್ಟಿಲುಗಳ ಮೇಲೆ ತಮ್ಮ ಎರಡು ನಿಮಿಷವನ್ನು ತೆಗೆದರು. ಕಥೆ ಇಷ್ಟೇ: ಬಹಳ ವರ್ಷಗಳ ಮೇಲೆ ಒಬ್ಬಳು ತನ್ನ ಹಳೆಯ ಮನೆಗೆ ಬಂದು ಬಾಗಿಲು ತಟ್ಟುತ್ತಾಳೆ, ಅಪರಿಚಿತರು ಬಾಗಿಲು ತೆರೆಯುತ್ತಾರೆ. ಹುಡುಗಿಯೇ ನಟಿ. ಹುಡುಗ ಕ್ಯಾಮರಾ ಹಿಡಿದವನು. ಮೂರು ಭಾನುವಾರ ಚಿತ್ರೀಕರಣವಾಯಿತು. ಅನಂತರ ಸಂಕಲನದ ಕೆಲಸ ಬಂತು. ಅದು ರಾತ್ರಿಯ ಕೆಲಸ, ಹುಡುಗನಿಗೆ ರಾತ್ರಿ ಬಿಡುವಿಲ್ಲ. ಹುಡುಗಿ ಒಬ್ಬಳೇ ಒಂಬತ್ತು ರಾತ್ರಿ ಲ್ಯಾಪ್‌ಟಾಪಿನ ಮುಂದೆ ಕುಳಿತು, ಚೂರು ಚೂರನ್ನು ಜೋಡಿಸಿ, ಶಬ್ದ ಸೇರಿಸಿ, ಕಣ್ಣು ಕೆಂಪು ಮಾಡಿಕೊಂಡು ಮುಗಿಸಿದಳು. ಕೊನೆಗೆ ಹೆಸರಿನ ಫಲಕ ಬರೆಯುವ ಹೊತ್ತಿಗೆ ಅವಳ ಕೈ ತಡೆಯಿತು. ಅವನ ಹೆಸರನ್ನು ನನ್ನ ಹೆಸರಿನ ಪಕ್ಕದಲ್ಲಿ ಏಕೆ ಹಾಕಬೇಕು?

ಮನೆಯಲ್ಲಿ ಎರಡು ಪಕ್ಷಗಳಾದವು. ತಾಯಿ ಹೇಳಿದರು: "ಹೆಸರು ಹಾಕಿದರ ನಿಂದೇನ ಗಂಟು ಹೋಗತದ? ಹಾಕಿ ಬಿಡು." ತಂದೆ ಬ್ಯಾಂಕಿನ ಮನುಷ್ಯ. "ಮಾಡದ ಕೆಲಸಕ್ಕ ಸಹಿ ಹಾಕಿದರ ನಮ್ಮಲ್ಲಿ ಏನಂತಿದ್ರು ಗೊತ್ತದ ಏನು? ಕಾಲೇಜಿನವರಿಗೆ ಖರೇ ಹೇಳು" ಎಂದರು. ಇಬ್ಬರೂ ನಮ್ಮೆದುರಿಗೇ ವಾದಿಸಿದ್ದರಿಂದ, ಇಬ್ಬರೂ ಪ್ರಾಮಾಣಿಕರಾದ್ದರಿಂದ, ನಾವು ಅಂದು ಚಹಾ ಕುಡಿದು ತೆಪ್ಪಗೆ ಎದ್ದು ಬಂದೆವು. ಆದರೆ ಪ್ರಶ್ನೆ ನಮ್ಮೊಡನೆ ಬಂತು.

ತಾಯಿಯ ಮಾತಿಗೆ ಕಾನೂನಿನ ಬೆಂಬಲವಿದೆ ಎಂದರೆ ವಾಚಕರಿಗೆ ಆಶ್ಚರ್ಯವಾದೀತು. ನಮ್ಮ ದೇಶದ 1932ರ ಪಾಲುದಾರಿಕೆ ಕಾಯಿದೆಯ 13ನೆಯ ಕಲಮು ಹೇಳುವುದು ಹೀಗಿದೆ: ಬೇರೆ ಕರಾರು ಇಲ್ಲದಿದ್ದ ಪಕ್ಷದಲ್ಲಿ ಪಾಲುದಾರರಿಗೆ ಲಾಭದಲ್ಲಿ ಸಮಪಾಲು, ನಷ್ಟದಲ್ಲಿಯೂ ಸಮಪಾಲು. ಅಷ್ಟೇ ಅಲ್ಲ, ವ್ಯವಹಾರವನ್ನು ತಾನೇ ನಡೆಸಿದೆನೆಂಬ ಕಾರಣಕ್ಕೆ ಯಾವ ಪಾಲುದಾರನೂ ಪ್ರತ್ಯೇಕ ಸಂಭಾವನೆ ಕೇಳುವಂತಿಲ್ಲ. ಬೆಳಗಿನ ಐದಕ್ಕೆ ಎದ್ದು ಹಾಲಿನ ಡಬ್ಬಿ ಇಳಿಸಿಕೊಂಡವನಿಗೂ, ಹತ್ತು ಗಂಟೆಗೆ ಇಸ್ತ್ರಿ ಅಂಗಿ ತೊಟ್ಟು ಬಂದವನಿಗೂ ಒಂದೇ ಪಾಲು. ಮುಂಬಯಿಯ ಹೋಟೆಲುಗಳಲ್ಲಿ ಈ ಕಲಮಿನಿಂದ ಎಷ್ಟು ಮಂದಿ ನಿದ್ದೆಗೆಟ್ಟಿದ್ದಾರೋ ದೇವರಿಗೇ ಗೊತ್ತು. ಆದರೂ ಅದನ್ನು ಬರೆದವರು ದಡ್ಡರೆಂದು ನಮಗೆ ತೋರುವುದಿಲ್ಲ. ಒಳಗಿನ ದುಡಿಮೆಯನ್ನು ಹೊರಗಿನವನು ಅಳೆಯಲಾರ ಎಂಬುದು ಅವರಿಗೆ ತಿಳಿದಿದ್ದಿರಬೇಕು.

1957ರ ಕೃತಿಸ್ವಾಮ್ಯ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಜಂಟಿ ಕರ್ತೃತ್ವವೆಂದರೆ ಏನೆಂದು ಹೇಳುವಾಗ ಅದು, ಒಬ್ಬ ಕರ್ತೃವಿನ ಕೊಡುಗೆ ಇನ್ನೊಬ್ಬನ ಕೊಡುಗೆಯಿಂದ ಬೇರೆಯಾಗಿ ಕಾಣದಂತಹ ಕೃತಿ ಎಂದು ಲಕ್ಷಣ ಹೇಳುತ್ತದೆ. ವಕೀಲರ ಭಾಷೆಯಲ್ಲಿ ಇಷ್ಟು ಸೂಕ್ಷ್ಮವಾದ ಮಾತನ್ನು ನಾವು ಹೆಚ್ಚು ಕಂಡಿಲ್ಲ. ಬೇರ್ಪಡಿಸಲು ಬಂದರೆ ಅದು ಜಂಟಿಯೇ ಅಲ್ಲ! ಅದೇ ಕಾಯಿದೆ ಚಲನಚಿತ್ರದ ಮಟ್ಟಿಗೆ ಮಾತ್ರ ನಿರ್ಮಾಪಕನನ್ನೇ ಕರ್ತೃವೆಂದು ಹೇಳಿಬಿಡುತ್ತದೆ. ಆ ಲೆಕ್ಕಕ್ಕೆ ಲ್ಯಾಪ್‌ಟಾಪು ಕೊಡಿಸಿದ ಬ್ಯಾಂಕಿನ ತಂದೆಯೇ ನಮ್ಮ ಚಿತ್ರದ ಕರ್ತೃವಾಗಬಹುದಿತ್ತೋ ಏನೋ, ಅದು ಹಾಗಿರಲಿ.

ಆದರೆ ಕಾನೂನು ಜಗಳವನ್ನು ನಿಲ್ಲಿಸೀತೇ ಹೊರತು ಮನಸ್ಸಿನ ತಕರಾರನ್ನು ಕಳೆಯಲಾರದು. ಹುಡುಗಿಯ ಒಂಬತ್ತು ರಾತ್ರಿಗಳು ನಿಜ. ಅವನ್ನು ಯಾವ ಕಲಮೂ ಅಳಿಸಲಾರದು.

ಇಲ್ಲಿ ಇಬ್ಬರು ತರುಣರು ಕೂಡಿ ಮಾಡಿದ ಇನ್ನೊಂದು ಕಿರುಚಿತ್ರ ನೆನಪಾಗುತ್ತದೆ. ಫಿಲಂ ಸೊಸೈಟಿಗಳ ಸಹವಾಸ ಮಾಡಿದವರು 1929ರ 'ಅಂ ಶಿಯೆನ್ ಆಂದಲು' ಎಂಬ ಫ್ರೆಂಚ್ ಚಿತ್ರವನ್ನು ನೋಡಿರಬಹುದು. 'ಆಂದಲೂಸಿಯದ ನಾಯಿ' ಎಂದು ಹೆಸರಿನ ಅರ್ಥ. ಕಾಲು ಗಂಟೆಗೆ ತುಸು ಹೆಚ್ಚು. ಅದರ ಆರಂಭವನ್ನು ಒಮ್ಮೆ ಕಂಡವರು ಮರೆಯುವಂತಿಲ್ಲ. ಒಬ್ಬನು ಕ್ಷೌರದ ಕತ್ತಿ ಮಸೆಯುತ್ತಾನೆ, ಆಕಾಶದಲ್ಲಿ ತೆಳು ಮೋಡವೊಂದು ಚಂದ್ರನನ್ನು ಸೀಳಿ ಹೋಗುತ್ತದೆ, ಕತ್ತಿ ಒಂದು ಕಣ್ಣನ್ನು ಸೀಳುತ್ತದೆ. ಸೀಳಿದ್ದು ಸತ್ತ ಕರುವಿನ ಕಣ್ಣು. ಕತ್ತಿ ಹಿಡಿದವನು ನಿರ್ದೇಶಕ ಲೂಯಿಸ್ ಬುನ್ಯುಯೆಲ್ ತಾನೇ. ಜೊತೆಗಾರ, ಆಮೇಲೆ ಜಗತ್ಪ್ರಸಿದ್ಧನಾದ ಚಿತ್ರಕಾರ ಸಾಲ್ವಡಾರ್ ಡಾಲಿ. ಇಬ್ಬರೂ ಮ್ಯಾಡ್ರಿಡ್ಡಿನ ಒಂದು ವಿದ್ಯಾರ್ಥಿನಿಲಯದಲ್ಲಿ ಗೆಳೆಯರಾದವರು. ಚಿತ್ರಕ್ಕೆ ಹಣ ಕೊಟ್ಟಾಕೆ ಬುನ್ಯುಯೆಲನ ತಾಯಿ. (ಮಕ್ಕಳ ಸಿನಿಮಾಕ್ಕೆ ಎಲ್ಲ ದೇಶಗಳಲ್ಲಿಯೂ ಹಣ ಹೊರಡುವ ಡಬ್ಬಿ ಒಂದೇ ಎಂದು ಕಾಣುತ್ತದೆ.)

ಬುನ್ಯುಯೆಲ್ 1982ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಇದನ್ನೆಲ್ಲ ಹೇಳಿಕೊಂಡಿದ್ದಾನೆ. ಮೋಡ, ಚಂದ್ರ, ಕತ್ತಿಯ ಕನಸು ಕಂಡವನು ಅವನು. ಅಂಗೈಯಲ್ಲಿ ಇರುವೆಗಳು ಮುತ್ತಿದ ಕನಸು ಡಾಲಿಯದು. ಆ ಎರಡು ಕನಸುಗಳಿಂದ ಹೊರಟು ಒಂದು ವಾರದೊಳಗೆ ಚಿತ್ರಕಥೆ ಬರೆದು ಮುಗಿಸಿದರಂತೆ. ಇಬ್ಬರಲ್ಲಿ ಒಬ್ಬನು ಬೇಡವೆಂದರೆ ಸಾಕು, ಆ ಕಲ್ಪನೆಯನ್ನು ವಾದವಿಲ್ಲದೆ ಅಲ್ಲಿಗೇ ಬಿಟ್ಟುಬಿಡುವುದು ಅವರ ರೀತಿ. ಮುಂದೆ ಚಿತ್ರೀಕರಣದ ಹೊತ್ತಿಗೆ ಡಾಲಿ ಬಂದದ್ದು ಮುಗಿಯಲು ಕೆಲವೇ ದಿನ ಉಳಿದಿರುವಾಗ. ಬಂದವನು ಸತ್ತ ಕತ್ತೆಗಳ ಕಣ್ಣಿಗೆ ಮೇಣ ಸುರಿಯುತ್ತ ಕುಳಿತನಂತೆ. ನಮ್ಮ ಹುಡುಗಿಯ ತಂದೆಯವರ ಲೆಕ್ಕದಲ್ಲಿ ಅವನು ಗೈರುಹಾಜರು. ಆದರೂ ಆ ಚಿತ್ರವನ್ನು ಡಾಲಿಯಿಂದ ಬಿಡಿಸಿ ಯೋಚಿಸುವುದು ಸಾಧ್ಯವೇ? ಒಬ್ಬನು ಬೇಡವೆಂದು ಹೇಳಿದ್ದರಿಂದ ಹುಟ್ಟದೇ ಹೋದ ಕಲ್ಪನೆಗಳು ಎಷ್ಟೋ. ಅವುಗಳ ಗುರುತು ಚಿತ್ರದಲ್ಲಿ ಎಲ್ಲಿಯೂ ಇಲ್ಲ, ಇರುವುದಕ್ಕೂ ಆಗದು. ಉಳಿದದ್ದು ಹಾಗೆ ಉಳಿಯಲು ಆ 'ಬೇಡ'ಗಳೇ ಕಾರಣ.

ಈ ಬೆಳಕಿನಲ್ಲಿ ನಮ್ಮ ಚಾಳಿನ ಮೆಟ್ಟಿಲಿಗೆ ಹಿಂತಿರುಗಿದರೆ ಬೇರೆಯೇ ಚಿತ್ರ ಕಾಣುತ್ತದೆ. ಹುಡುಗಿ ಮೊದಲು ಯೋಚಿಸಿದ್ದು ಎಲ್ಲ ವಿದ್ಯಾರ್ಥಿಗಳೂ ಯೋಚಿಸುವಂತೆಯೇ: ಅಲಾರಾಂ ಬಡಿಯುತ್ತದೆ, ನಾಯಕಿ ಏಳುತ್ತಾಳೆ, ಕನ್ನಡಿಯ ಮುಂದೆ ಮುಖ ತೊಳೆಯುತ್ತಾಳೆ, ಚೀಲ ಹಾಕಿಕೊಂಡು ಹೊರಡುತ್ತಾಳೆ. ಹುಡುಗ ಬೇಡವೆಂದ. ಮೊದಲಿಗೆ ಏನೂ ಕಾಣಿಸುವುದು ಬೇಡ, ಕತ್ತಲು ಇರಲಿ, ಮರದ ಮೆಟ್ಟಿಲಿನ ಮೇಲೆ ಚಪ್ಪಲಿಯ ಸದ್ದು ಮಾತ್ರ ಕೇಳಲಿ ಎಂದ. ಇದನ್ನು ಹೇಳಲು ಅವನಿಗೆ ಒಂದು ನಿಮಿಷ ಹಿಡಿದಿರಬೇಕು. ಅದರ ಎದುರಿಗೆ ಒಂಬತ್ತು ರಾತ್ರಿಗಳನ್ನು ಇಟ್ಟು ತೂಗುವ ತಕ್ಕಡಿ ಯಾವುದು? ಇನ್ನೊಂದು ಮಾತೂ ಇದೆ. ಇಬ್ಬರೇ ಇರುವ ಚಿತ್ರದಲ್ಲಿ ಒಬ್ಬಳು ಕ್ಯಾಮರಾದ ಮುಂದೆ ನಿಂತರೆ ಇನ್ನೊಬ್ಬನು ಹಿಂದೆ ನಿಲ್ಲಲೇಬೇಕು. ನೋಡುವವರಿಗೆ ಅವಳ ಮುಖ ಕಾಣುತ್ತದೆ, ತೋರಿಸಿದವನು ತೋರುವುದಿಲ್ಲ. ಮೂರು ಭಾನುವಾರ ಅವನು ಉಸಿರು ಬಿಗಿಹಿಡಿದು ಹಿಮ್ಮುಖವಾಗಿ ಮೆಟ್ಟಿಲು ಹತ್ತಿದ್ದಕ್ಕೆ ಸಾಕ್ಷಿ, ಚಿತ್ರ ಅಲುಗಾಡದೆ ಇರುವುದೊಂದೇ.

ಹಾಗಾದರೆ ಹುಡುಗಿ ಸ್ವಾರ್ಥಿಯೇ? ಖಂಡಿತ ಅಲ್ಲ. 1979ರಲ್ಲಿ ಮೈಕೇಲ್ ರಾಸ್ ಮತ್ತು ಫಿಯೋರೆ ಸಿಕೋಲಿ ಎಂಬ ಕೆನಡಾದ ಮನಶ್ಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದರು. ಗಂಡ ಹೆಂಡಿರನ್ನು ಬೇರೆ ಬೇರೆ ಕೂಡಿಸಿ, ಮನೆಯ ಕೆಲಸಗಳಲ್ಲಿ ನಿಮ್ಮ ಪಾಲೆಷ್ಟು ಎಂದು ಒಂದೊಂದಕ್ಕೂ ಗುರುತು ಹಾಕಿಸಿದರು. ಇಬ್ಬರ ಪಾಲನ್ನೂ ಕೂಡಿಸಿದರೆ ಬಹುಪಾಲು ಕೆಲಸಗಳಲ್ಲಿ ಮೊತ್ತ ಪೂರ್ಣಕ್ಕಿಂತ ಹೆಚ್ಚಾಯಿತು. ಇದರಲ್ಲಿ ಬಡಾಯಿ ಇದೆ ಎಂದು ಯಾರಾದರೂ ಹೇಳಿಯಾರು. ಸ್ವಾರಸ್ಯವಿರುವುದು ಮುಂದೆ. ಮನೆಯಲ್ಲಿ ಜಗಳ ಎಬ್ಬಿಸುವಂತಹ ಕೀರ್ತಿ ಬಾರದ ಕೆಲಸಗಳಲ್ಲಿಯೂ ಜನ ತಮ್ಮ ಪಾಲನ್ನು ಹೆಚ್ಚಾಗಿಯೇ ಹೇಳಿಕೊಂಡರು. ಬಡಾಯಿಯ ಮಾತಾಗಿದ್ದರೆ ಅಲ್ಲಿ ಕಡಮೆಯಾಗಬೇಕಿತ್ತು. ನಾವು ಮಾಡಿದ್ದು ನಮಗೆ ಬೇಗ ನೆನಪಾಗುತ್ತದೆ. ಇನ್ನೊಬ್ಬರು ಮಾಡಿದ್ದರಲ್ಲಿ ನಮ್ಮ ಕಣ್ಣೆದುರು ನಡೆದದ್ದು ಮಾತ್ರ, ಅದೂ ಅರ್ಧ, ನೆನಪಾಗುತ್ತದೆ. ಸುಳ್ಳು ಹೇಳದೆಯೇ ಇಬ್ಬರ ಲೆಕ್ಕವೂ ತಪ್ಪಾಗುವುದು ಹೀಗೆ.

ನಮ್ಮ ಅಭಿಪ್ರಾಯ ಇಲ್ಲಿಂದ ಹೊರಡುತ್ತದೆ. ತನ್ನ ಪಾಲನ್ನು ತಾನೊಬ್ಬನೇ ಕುಳಿತು ಎಣಿಸುವವನು ಎಷ್ಟೇ ಸತ್ಯವಂತನಾಗಿದ್ದರೂ ಆ ಎಣಿಕೆ ಸರಿಬರಲಾರದು. ಆದಕಾರಣ ಹೆಸರಿನ ಫಲಕವನ್ನು ಒಬ್ಬರೇ ಬರೆಯುವ ಹಕ್ಕು ಇಬ್ಬರಲ್ಲಿ ಯಾರಿಗೂ ಇಲ್ಲ. ಅವನ ಹೆಸರನ್ನು ತೆಗೆಯುವ ಹಕ್ಕು ಅವಳಿಗಿಲ್ಲ. ಅದನ್ನು ದಯೆಯಿಂದ 'ಹಾಕಿಬಿಡುವ' ಹಕ್ಕೂ ಅವಳಿಗಿಲ್ಲ ಎಂದರೆ ತಾಯಿಯವರು ನಮ್ಮ ಮೇಲೆ ಸಿಟ್ಟಾದಾರು. ಆದರೆ ಕೇಳದೆ ಕೊಟ್ಟ ಹೆಸರು ಭಿಕ್ಷೆಯಾಗುತ್ತದೆ, ಭಿಕ್ಷೆಯ ಹೆಸರನ್ನು ಹೊತ್ತು ತಿರುಗುವುದು ಯಾರಿಗಾದರೂ ಸುಖವಲ್ಲ. ಜೊತೆಗಾರನನ್ನು ಎದುರಿಗೆ ಕೂಡಿಸಿಕೊಂಡು, ಏನೇನು ಯಾರು ಮಾಡಿದೆವು ಎಂದು ಬಾಯಿಬಿಟ್ಟು ಹೇಳಿ, ಅವನ ಬಾಯಿಂದಲೂ ಕೇಳಿ, ಆಮೇಲೆ ಬರೆಯಬೇಕು. ಚಿತ್ರದ ಕೊನೆಯ ಜಂಟಿ ಕೆಲಸ ಅದೇ.

ತಂದೆಯ ಆಕ್ಷೇಪಣೆ ಮಾತ್ರ ಇನ್ನೂ ನಿಂತೇ ಇದೆ, ಅದನ್ನು ಹಾರಿಸಿ ಹೋಗಲಾಗದು. ಜೊತೆಗಾರ ನಿಜಕ್ಕೂ ಏನೂ ಮಾಡದವನಾಗಿದ್ದರೆ? ಕರೆದಾಗ ಬಾರದೆ, ಒಂದು 'ಬೇಡ'ವನ್ನೂ ಹೇಳದೆ, ಅಂಕ ಬರುವ ದಿನ ಮಾತ್ರ ಬಂದು ನಿಂತವನಾದರೆ? ಅಂಥವರಿದ್ದಾರೆ, ಸಂಘ ಸಂಸ್ಥೆಗಳಲ್ಲಿ ಕೆಲಸ ಮಾಡಿದವರಿಗೆ ಅವರ ಪರಿಚಯ ಮಾಡಿಕೊಡಬೇಕಾಗಿಲ್ಲ. ಅಲ್ಲಿ ಇಬ್ಬರೂ ಒಪ್ಪಿ ಒಂದು ಸುಳ್ಳನ್ನು ಬರೆದರೂ ಅದು ಸುಳ್ಳೇ, ಏಕೆಂದರೆ ಫಲಕವನ್ನು ಓದುವ ಮೂರನೆಯವರೊಬ್ಬರಿದ್ದಾರೆ. ಪರೀಕ್ಷಕರು ಅದನ್ನು ನಂಬಿ ಅಂಕ ಕೊಡುತ್ತಾರೆ. ನಾಳೆ ಕೆಲಸ ಕೊಡುವವರು ಅದನ್ನು ನಂಬಿ ಕೆಲಸ ಕೊಡುತ್ತಾರೆ. ಸ್ನೇಹಕ್ಕೆ ನಮ್ಮ ಗಂಟನ್ನು ಕೊಡಬಹುದು, ಬೇರೆಯವರ ನಂಬಿಕೆಯನ್ನು ಎತ್ತಿ ಕೊಡಲು ಬರುವುದಿಲ್ಲ. ಅಂಥವನ ಮುಖಕ್ಕೇ ಹೇಳಿ ಹೆಸರು ಬಿಡುವುದು ಕಷ್ಟದ ಕೆಲಸ. ಬೆನ್ನ ಹಿಂದೆ ಅಧ್ಯಾಪಕರಿಗೆ ಹೇಳುವುದು ಸುಲಭದ ಕೆಲಸ. ತಂದೆಯವರ ಸತ್ಯದಲ್ಲಿ ನಮಗೆ ಒಪ್ಪಿಗೆಯಾಗದೆ ಹೋದದ್ದು ಆ ಸುಲಭದ ಭಾಗ ಮಾತ್ರ.

ಸಿನಿಮಾದವರು ಈ ಬಿಕ್ಕಟ್ಟಿಗೆ ಹಲವು ದಾರಿ ಹುಡುಕಿದ್ದಾರೆ. ನಮ್ಮ ದೊರೈ–ಭಗವಾನ್ ಜೋಡಿ 1968ರ 'ಜೇಡರ ಬಲೆ'ಯಿಂದ ಮುಂದೆ ಎಷ್ಟೋ ಚಿತ್ರಗಳಲ್ಲಿ ಒಂದೇ ಹೆಸರಿನಂತೆ ಕಾಣಿಸಿಕೊಂಡರು. ಒಬ್ಬರು ಛಾಯಾಗ್ರಾಹಕರು ಎಂಬುದು ಪ್ರೇಕ್ಷಕರಲ್ಲಿ ಬಹುಮಂದಿಗೆ ತಿಳಿಯದು. 1971ರಲ್ಲಿ 'ವಂಶವೃಕ್ಷ'ವನ್ನು ಬಿ. ವಿ. ಕಾರಂತ ಮತ್ತು ಗಿರೀಶ ಕಾರ್ನಾಡರು ಕೂಡಿ ನಿರ್ದೇಶಿಸಿದರು, ನಿರ್ದೇಶನದ ರಾಷ್ಟ್ರಪ್ರಶಸ್ತಿಯೂ ಇಬ್ಬರಿಗೂ ಸೇರಿಯೇ ಬಂತು. ಯಾವ ದೃಶ್ಯ ಯಾರದೆಂದು ಅಂದಿನಿಂದ ಊಹಿಸುತ್ತ ಬಂದ ರಸಿಕರಿದ್ದಾರೆ. ಚಿತ್ರ ನೋಡಿ ಸುಮ್ಮನಿರುವುದು ಲೇಸೆಂದು ನಮ್ಮ ಮತ. ಮುಂಬಯಿಯ ಶಂಕರ್–ಜೈಕಿಶನ್‌ರಲ್ಲಿ ಜೈಕಿಶನ್ 1971ರಲ್ಲಿ ತೀರಿಕೊಂಡರು. ಶಂಕರ್ 1987ರಲ್ಲಿ ತಾವು ಸಾಯುವವರೆಗೂ ಜೋಡಿ ಹೆಸರಿನಲ್ಲಿಯೇ ಸಂಗೀತ ಕೊಟ್ಟರು. ಅದರಲ್ಲಿ ವ್ಯಾಪಾರವೂ ಇದ್ದಿರಬಹುದು. ಹದಿನಾರು ವರ್ಷ ಇಲ್ಲದವನ ಹೆಸರನ್ನು ತನ್ನ ಹೆಸರಿಗೆ ತಗುಲಿಸಿಕೊಂಡು ಬದುಕುವುದಕ್ಕೆ ವ್ಯಾಪಾರವೊಂದೇ ಸಾಕಾಗುತ್ತದೆಂದು ಮಾತ್ರ ನಮಗೆ ಅನ್ನಿಸುವುದಿಲ್ಲ. ಬುನ್ಯುಯೆಲ್ ಮತ್ತು ಡಾಲಿ ಬೇಗನೇ ಕಡಿದುಕೊಂಡರು. ಆದರೆ ಚಿತ್ರಕಥೆ ಇಬ್ಬರದು, ನಿರ್ದೇಶನ ಒಬ್ಬನದು ಎಂದು 1929ರಲ್ಲಿ ಬರೆದ ಫಲಕ ಜಗಳದ ನಂತರವೂ ಹಾಗೆಯೇ ಇದೆ.

ನಮ್ಮ ಹುಡುಗ ಹುಡುಗಿ ಈ ಕೊನೆಯ ದಾರಿಯನ್ನೇ ಹಿಡಿದರು. ನಾವು ಹೇಳಿಕೊಟ್ಟದ್ದಲ್ಲ. ಹುಡುಗಿ ಒಂದು ರಾತ್ರಿ ತಮ್ಮನನ್ನು ಜೊತೆಗೆ ಕರೆದುಕೊಂಡು ಹೋಟೆಲಿಗೇ ಹೋದಳು. ಬಾಗಿಲು ಎಳೆದ ಮೇಲೆ ಮೇಜು ಒರೆಸಿ, ಬಿಲ್ಲಿನ ಕಾಗದದ ಹಿಂದೆ ಇಬ್ಬರೂ ಪಟ್ಟಿ ಬರೆದರು. 'ಸಂಕಲನ' ಎಂಬಲ್ಲಿ ಅವಳು ಸಂಕೋಚದಿಂದ ಬರೆದಿದ್ದ ತನ್ನ ಹೆಸರನ್ನು ಅವನು ತಾನಾಗಿ ಹೊಡೆದುಹಾಕಿದ. 'ಕಲ್ಪನೆ' ಎಂಬಲ್ಲಿ ಅವಳು ಅವನ ಹೆಸರನ್ನು ಮೊದಲು ಬರೆದಳು, ಕತ್ತಲೆ ಅವನದಾದ್ದರಿಂದ. ಛಾಯಾಗ್ರಹಣ, ನಟನೆಗಳಲ್ಲಿ ಮಾತಿಲ್ಲ. 'ನಿರ್ದೇಶನ'ದ ಹತ್ತಿರ ಬಂದಾಗ ಜಗಳವಾಯಿತು, ಸಣ್ಣದೇನಲ್ಲ. ಗಲ್ಲಾ ಲೆಕ್ಕ ಮುಗಿಸಿ ಮಾವ ಎದ್ದು ಬಂದು ಇಬ್ಬರಿಗೂ ಚಹಾ ಕೊಡಬೇಕಾಯಿತಂತೆ. ಕೊನೆಗೆ ಅಲ್ಲಿ ಎರಡು ಹೆಸರೂ ಉಳಿದವು. ಯಾರು ಯಾವ ಕೆಲಸ ಮಾಡಿದರೆಂದು ಕಾಲೇಜಿಗೆ ಕೊಡಬೇಕಾದ ಬರಹದಲ್ಲಿ ಹುಡುಗ, ಸಂಕಲನದ ಹೊತ್ತಿಗೆ ತಾನು ಇರಲಿಲ್ಲವೆಂದು ಬರೆದ. ಅವಳಿಗೆ ಅಂಕ ಹೆಚ್ಚು ಬಂತು. ಅನಂತರ ಅವರಿಬ್ಬರೂ ಕೂಡಿ ಇನ್ನೊಂದು ಚಿತ್ರ ಮಾಡಿದ್ದು ನಮಗೆ ತಿಳಿಯದು. ಎದುರಾದರೆ ಮಾತನಾಡುತ್ತಾರೆ.

ಪಟ್ಟಿ ಮುಗಿಯಿತೆನ್ನುವಾಗ ಹುಡುಗನಿಗೆ ಇನ್ನೊಂದು ನೆನಪಾಯಿತಂತೆ. ಚಪ್ಪಲಿಯ ಸದ್ದನ್ನು ಧ್ವನಿಮುದ್ರಿಸಿಕೊಂಡ ದಿನ ಆ ಚಾಳಿನ ಎರಡನೆಯ ಮಾಳಿಗೆಯ ಅಜ್ಜಿಯೊಬ್ಬರು, ಇವರು ಕೇಳಿಕೊಂಡರೆಂದು, ಕುಕ್ಕರನ್ನು ಒಲೆಯಿಂದ ಇಳಿಸಿ ಟೀವಿ ಆರಿಸಿ ಅರ್ಧ ಗಂಟೆ ಬಾಗಿಲು ಹಾಕಿಕೊಂಡು ಕುಳಿತಿದ್ದರು. ಅವರ ಹೆಸರೂ ಬರಬೇಡವೇ? ಹೆಸರಿನ ಫಲಕಗಳೂ ಎರಡು ನಿಮಿಷದ ಒಳಗೇ ಇರಬೇಕೆಂಬುದು ನಿಯಮ. ಚಿತ್ರ ಆಗಲೇ ಒಂದು ನಿಮಿಷ ಐವತ್ತೊಂಬತ್ತು ಸೆಕೆಂಡಿಗೆ ಬಂದು ನಿಂತಿತ್ತು. ಓದುವಂತೆ ಒಂದು ಹೆಸರು ತೆರೆಯ ಮೇಲೆ ನಿಲ್ಲಲು ಮೂರು ಸೆಕೆಂಡಾದರೂ ಬೇಕು. ಹುಡುಗಿ ಮನೆಗೆ ಬಂದು, ತಾನು ಬಾಗಿಲು ತಟ್ಟುವ ಮೊದಲು ಕ್ಯಾಮರಾದತ್ತ ಮುಖ ತಿರುಗಿಸುವ ಶಾಟಿನಿಂದ ಎರಡು ಸೆಕೆಂಡು ಕತ್ತರಿಸಿದಳು.